ಯೆಸ್ ಒತ್ತಿದ್ರೆ ಹೋಗುತ್ತೆ

2025 ನವೆಂಬರ್ 18, ಮಂಗಳವಾರ
ದಾವಣಗೆರೆ

ಬೆಳಿಗ್ಗೆ ಪಿ.ಜೆ. ಬಡಾವಣೆಯ ಆಡಿಟರ್ ಆಫೀಸಿನಿಂದ ಫೋನ್. "ಸರ್ವರ್‌ಗೆ ಯಾರೂ ಲಾಗಿನ್ ಆಗ್ತಿಲ್ಲ ರೀ. ನಾಡಿದ್ದು 20, ಜಿಎಸ್‌ಟಿ 3ಬಿ ರಿಟರ್ನ್ ಹಾಕೋ ಕೊನೇ ದಿನ!" ಮೆಕ್ಕೆಜೋಳದ ಸೀಸನ್ ಬೇರೆ. ಎಪಿಎಂಸಿ ದಲ್ಲಾಳಿ ಅಂಗಡಿಗಳ ಲೆಕ್ಕವೆಲ್ಲ ಆ ಒಂದೇ ಸರ್ವರ್‌ನ ಟ್ಯಾಲಿಯಲ್ಲಿದೆ.

ದೂರದಿಂದಲೇ ಸರ್ವರ್ ಒಳಗೆ ಹೋಗುವ ರಿಮೋಟ್ ಡೆಸ್ಕ್‌ಟಾಪ್ ತೆರೆದರೆ 'ಇಂಟರ್ನಲ್ ಎರರ್' ಅಂತ ಒಂದೇ ಸಾಲು. ಇದನ್ನು ಓದಿ ಯಾರಿಗೆ ಏನು ಗೊತ್ತಾಗಬೇಕೋ! ಪಿಂಗ್ ಮಾಡಿದರೆ ಸರ್ವರ್ ಉತ್ತರ ಕೊಡುತ್ತಿತ್ತು, ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲಾದ 3389 ಪೋರ್ಟೂ ತೆರೆದಿತ್ತು. ಅಂದ್ರೆ ನೆಟ್‌ವರ್ಕ್ ಸರಿ ಇದೆ, ಸಂಪರ್ಕವನ್ನು ಭದ್ರ ಮಾಡುವ ಟಿಎಲ್‌ಎಸ್ ಹಂತದಲ್ಲಿ ಕಡಿದುಹೋಗುತ್ತಿದೆ. ಹೋಗಿ ಸರ್ವರ್ ಮುಂದೆಯೇ ಕೂತೆ.

ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ಎರಡು ಕೆಂಪು ಗುರುತು. 1058: ಅವಧಿ ಮುಗಿದ ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಚೀಟಿ) ಬದಲಿಸೋಕೆ ಆಗಲಿಲ್ಲ, ಆಕ್ಸೆಸ್ ಡಿನೈಡ್. 36870: ಆ ಸರ್ಟಿಫಿಕೇಟ್‌ನ ಜೋಡಿಯಾದ ಗುಟ್ಟಿನ ಪ್ರೈವೇಟ್ ಕೀ ಓದೋಕೆ ಆಗುತ್ತಿಲ್ಲ. ಅರ್ಧ ಕೆಲಸ ಅಲ್ಲೇ ಮುಗೀತು.

ರಿಮೋಟ್ ಡೆಸ್ಕ್‌ಟಾಪ್‌ಗೆ ಬೇಕಾದ ಸರ್ಟಿಫಿಕೇಟನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಅದರ ಆಯಸ್ಸು 6 ತಿಂಗಳು. ಮುಗಿದಾಗ ಹೊಸದನ್ನೂ ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಅದೊಂದು ಇದೆ ಅಂತಾನೇ ಯಾರಿಗೂ ಗೊತ್ತಿರಲ್ಲ. ಇಲ್ಲಿ ಹಿಂದೆ ಸರ್ವರ್ ನೋಡಿಕೊಳ್ಳುತ್ತಿದ್ದ ಯಾರೋ ಸೆಕ್ಯುರಿಟಿ ಬಿಗಿ ಮಾಡ್ತೀನಿ ಅಂತ ಪ್ರೋಗ್ರಾಂಡೇಟಾ ಒಳಗಿನ ಫೋಲ್ಡರ್‌ಗಳ ಪರ್ಮಿಷನ್ ಕಿತ್ತುಹಾಕಿದ್ದರು. ಅದರಲ್ಲಿ ಕೀಗಳಿರುವ ಮೆಷಿನ್‌ಕೀಸ್ ಕೂಡ ಸೇರಿತ್ತು. ನಿನ್ನೆ ರಾತ್ರಿ ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗುವವರೆಗೆ ಹೇಗೋ ನಡೆದುಕೊಂಡು ಹೋಗಿತ್ತು.

ಇಂಥ ಹೊತ್ತಲ್ಲಿ ಯೂಟ್ಯೂಬ್ ನೋಡಿದವರೆಲ್ಲ ಎನ್‌ಎಲ್‌ಎ (ಒಳಗೆ ಬಿಡುವ ಮೊದಲೇ ಪಾಸ್‌ವರ್ಡ್ ಕೇಳುವ ಕಾವಲು) ಟಿಕ್ ತೆಗೀರಿ, ಸೆಕ್ಯುರಿಟಿ ಲೇಯರ್ ಇಳಿಸಿ ಅಂತಾರೆ. ಬೀಗದ ಕೈ ಕಳೆದುಹೋಯ್ತು ಅಂತ ಬಾಗಿಲನ್ನೇ ಕಿತ್ತಂಗಾಯ್ತು.

ಮೆಷಿನ್‌ಕೀಸ್‌ಗೆ ಮೊದಲಿದ್ದ ಪರ್ಮಿಷನ್ ವಾಪಸ್ ಕೊಟ್ಟೆ. ಅಡ್ಮಿನಿಸ್ಟ್ರೇಟರ್ಸ್‌ಗೆ ಪೂರ್ತಿ, ಎವ್ರಿಒನ್‌ಗೆ ಓದೋದು, ಬರೆಯೋದು, ಅದೂ ಆ ಫೋಲ್ಡರ್ ಮಟ್ಟಕ್ಕೆ ಮಾತ್ರ. ರಿಮೋಟ್ ಡೆಸ್ಕ್‌ಟಾಪ್‌ನದ್ದಾದ, ಎಫ್686 ಅಂತ ಶುರುವಾಗುವ ಕೀ ಫೈಲನ್ನು ಡಿಲೀಟ್ ಮಾಡದೆ ಹೆಸರು ಬದಲಿಸಿಟ್ಟೆ. ರಿಮೋಟ್ ಡೆಸ್ಕ್‌ಟಾಪ್ ಸ್ಟೋರಿನಿಂದ ಹಳೇ ಸರ್ಟಿಫಿಕೇಟ್ ತೆಗೆದು, ರಿಮೋಟ್ ಡೆಸ್ಕ್‌ಟಾಪ್ ಕಾನ್ಫಿಗರೇಷನ್ ಸರ್ವಿಸ್ ರೀಸ್ಟಾರ್ಟ್ ಮಾಡಿದೆ. ಇವತ್ತಿನ ತಾರೀಖಿನ ಹೊಸ ಸರ್ಟಿಫಿಕೇಟ್ ಬಂದು ಕೂತಿತು. ಎಲ್ಲರೂ ಒಳಗೆ.

ಆಮೇಲೆ ನಡೆದದ್ದೇ ನನಗೆ ಜಾಸ್ತಿ ಯೋಚನೆಗೆ ಹಚ್ಚಿತು. ಟ್ಯಾಲಿ ಎಂಟ್ರಿ ಮಾಡುವ ಅಕ್ಕ ಕನೆಕ್ಟ್ ಕೊಟ್ಟರು. ಈ ಕಂಪ್ಯೂಟರ್ ಯಾವುದೆಂದು ಖಾತ್ರಿಯಿಲ್ಲ ಅನ್ನುವ ಹಳದಿ ವಾರ್ನಿಂಗ್ ಬಂತು. ಕಣ್ಣು ವೋಚರ್ ಮೇಲೆ, ಬೆರಳು ಯೆಸ್ ಮೇಲೆ.

"ಅಕ್ಕಾ, ಅದನ್ನ ಓದ್ತೀರಾ?"

"ಅಯ್ಯೋ, ದಿನಾ ಬರೋದೇ ಅಲ್ವಾ? ಯೆಸ್ ಒತ್ತಿದ್ರೆ ಹೋಗುತ್ತೆ."

ತಪ್ಪು ಅವರದಲ್ಲ. ಐಪಿ ನಂಬರ್ ಹಾಕಿ ಕನೆಕ್ಟ್ ಆಗ್ತಾರೆ, ಸರ್ಟಿಫಿಕೇಟ್‌ನಲ್ಲಿರೋದು ಮೆಷಿನ್ ಹೆಸರು. ಸಾಲದ್ದಕ್ಕೆ ಅದು ವಿಂಡೋಸ್ ತಾನೇ ಸಹಿ ಹಾಕಿಕೊಂಡದ್ದು. ವಾರ್ನಿಂಗ್ ಬಂದೇ ಬರುತ್ತೆ. ನಾಳೆ ಅವರ ಕಂಪ್ಯೂಟರ್‌ಗೂ ಸರ್ವರ್‌ಗೂ ನಡುವೆ ಬೇರೆ ಯಾರೋ ಕೂತು ನಕಲಿ ಸರ್ಟಿಫಿಕೇಟ್ ಕೊಟ್ಟರೂ ಅವರು ಒತ್ತೋದು ಯೆಸ್ಸೇ.

ಅದಕ್ಕೆ ಮಧ್ಯಾಹ್ನ ಪವರ್‌ಶೆಲ್ ಅನ್ನುವ ಕಮಾಂಡ್ ವಿಂಡೋದಲ್ಲಿ ಸರ್ವರ್ ಹೆಸರಿಗೇ 5 ವರ್ಷದ ಸರ್ಟಿಫಿಕೇಟ್ ಮಾಡಿ, ಅದರ ಕೀ ಓದೋಕೆ ರಿಮೋಟ್ ಡೆಸ್ಕ್‌ಟಾಪ್ ಓಡುವ ನೆಟ್‌ವರ್ಕ್ ಸರ್ವಿಸ್ ಖಾತೆಗೆ ಪರ್ಮಿಷನ್ ಕೊಟ್ಟೆ. ರಿಮೋಟ್ ಡೆಸ್ಕ್‌ಟಾಪ್ ಇದನ್ನೇ ಬಳಸಲಿ ಅಂತ ಅದರ ಥಂಬ್‌ಪ್ರಿಂಟ್ (ಸರ್ಟಿಫಿಕೇಟ್‌ನ ಗುರುತಿನ ಸಂಖ್ಯೆ) ಕಾಪಿ ಮಾಡಿ ಕಮಾಂಡ್‌ಗೆ ಹಾಕಿದರೆ 'ಇನ್‌ವ್ಯಾಲಿಡ್ ಪ್ಯಾರಾಮೀಟರ್'. ಇದು ಹಳೇ ಕಾಟ. ಸರ್ಟಿಫಿಕೇಟ್ ವಿಂಡೋದಿಂದ ಕಾಪಿ ಮಾಡಿದಾಗ ಮೊದಲಕ್ಷರದ ಮುಂದೆ ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಅಂಟಿಕೊಂಡು ಬರುತ್ತೆ. ನೋಟ್‌ಪ್ಯಾಡ್‌ನಲ್ಲಿ ನೋಡಿದರೂ ಕಾಣಲ್ಲ. ಪವರ್‌ಶೆಲ್‌ನಿಂದಲೇ ಥಂಬ್‌ಪ್ರಿಂಟ್ ತೆಗೆದು ಹಾಕಿದೆ, ತಗೊಂಡಿತು.

ಆಫೀಸಿನ ಕಂಪ್ಯೂಟರ್‌ಗಳ ಟ್ರಸ್ಟೆಡ್ ರೂಟ್‌ಗೆ, ಅಂದ್ರೆ ನಂಬಬಹುದಾದವರ ಪಟ್ಟಿಗೆ, ಆ ಸರ್ಟಿಫಿಕೇಟ್ ಸೇರಿಸಿ, ಶಾರ್ಟ್‌ಕಟ್‌ನಲ್ಲಿ ಐಪಿ ತೆಗೆದು ಹೆಸರು ಹಾಕಿದ್ದಾಯ್ತು. ಅಕ್ಕ ಕನೆಕ್ಟ್ ಒತ್ತಿದರು. ವಾರ್ನಿಂಗ್ ಇಲ್ಲ. "ಏನೋ ಬರಲೇ ಇಲ್ಲ ಕಣಣ್ಣ, ಕೆಟ್ಟಿದೆಯಾ?" ಅಂದರು. ಇನ್ನು ಮುಂದೆ ಅದು ಬಂದರೆ ಯೆಸ್ ಒತ್ತದೆ ನನಗೆ ಫೋನ್ ಮಾಡಿ ಅಂತ ಹೇಳಿ ಬಂದೆ. ಮನೆಯಿಂದ ಕೆಲಸ ಮಾಡುವವರ ಲ್ಯಾಪ್‌ಟಾಪ್‌ಗಳು ಬಾಕಿ ಇವೆ. 3ಬಿ ಗಲಾಟೆ ಮುಗಿದ ಮೇಲೆ ತರಿಸಿ ಹಾಕಬೇಕು.