ಸರ್ಚ್‌ನಲ್ಲಿ ಸಿಕ್ಕ ಹೆಸರು

"ಮೇಡಂ, ಎಚ್‌ಆರ್‌ನವರ ಲಿಸ್ಟ್‌ನಲ್ಲಿ ನನ್ನ ಹೆಸರು ಯಾಕಿದೆ?"

ಮಂಗಳವಾರದಿಂದ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಕೇಳಿದವನು ಟೆಸ್ಟಿಂಗ್ ಟೀಮಿನ ಹುಡುಗ. ಯಾವುದೋ ಹಳೆಯ ಬಗ್ (ಸಾಫ್ಟ್‌ವೇರ್ ದೋಷದ ದಾಖಲೆ) ಬೇಕಾಗಿ, ಆಫೀಸಿನ ಕೆಲಸಗಳನ್ನೆಲ್ಲ ಬರೆದಿಡುವ ಜಿರಾ ಸಾಫ್ಟ್‌ವೇರ್‌ನಲ್ಲಿ ತನ್ನ ಹೆಸರು ಹಾಕಿ ಹುಡುಕಿದ್ದಾನೆ. ಬಗ್‌ಗಳ ನಡುವೆ ಎಚ್‌ಆರ್‌ನವರ ಒಂದು ಟಾಸ್ಕ್ ಕೂಡ ಬಂದಿದೆ. ಮುಂದಿನ ತಿಂಗಳು ಕೆಲಸದಿಂದ ತೆಗೆಯುವವರ ಪಟ್ಟಿ ಅದು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಏನೋ ತಪ್ಪಾಗಿದೆ, ಮೇಡಂ ಸರಿ ಮಾಡುತ್ತಾರೆ ಅನ್ನೋ ನಂಬಿಕೆ ಇತ್ತು. ನನಗೆ ಜಾಸ್ತಿ ಚುಚ್ಚಿದ್ದು ಅದೇ.

ಜಿರಾ ನೋಡಿಕೊಳ್ಳುವವಳು ನಾನೇ. ಎಚ್‌ಆರ್, ಅಕೌಂಟ್ಸ್, ಡೆವಲಪ್‌ಮೆಂಟ್, ಎಲ್ಲರ ಪ್ರಾಜೆಕ್ಟ್‌ಗಳಿಗೂ ಒಂದೇ ಪರ್ಮಿಷನ್ ಸ್ಕೀಮ್ (ಯಾರು ಏನು ನೋಡಬಹುದು, ಮಾಡಬಹುದು ಅನ್ನೋ ನಿಯಮಗಳು) ಇತ್ತು. ಲಾಗಿನ್ ಆದವರಿಗೆಲ್ಲ ನೋಡುವ ಅನುಮತಿ. ಎಚ್‌ಆರ್‌ನವರ ಟಾಸ್ಕ್‌ಗಳು ಕಾಣುವ ಬೋರ್ಡ್‌ ಕಡೆಗೆ ಬೇರೆಯವರು ಹೋಗುತ್ತಿರಲಿಲ್ಲ, ಅಷ್ಟೇ. ಬಾಗಿಲು ಮುಂದಕ್ಕೆ ಹಾಕಿತ್ತು, ಚಿಲಕ ಇರಲಿಲ್ಲ. ಸರ್ಚ್‌ಗೆ ಬೋರ್ಡ್ ಯಾರದೆಂಬುದು ಲೆಕ್ಕಕ್ಕಿಲ್ಲ, ಅನುಮತಿ ಇದ್ದರೆ ತಂದು ತೋರಿಸುತ್ತದೆ.

ಅವತ್ತು ಸಂಜೆಯೇ ಕೂತೆ. ಇದ್ದ ಸ್ಕೀಮನ್ನೇ ತಿದ್ದಿದ್ದರೆ ಅದನ್ನು ಬಳಸುವ ಎಲ್ಲ ಪ್ರಾಜೆಕ್ಟ್‌ಗಳೂ ಬದಲಾಗುತ್ತಿದ್ದವು. ಅದಕ್ಕೆ ನಕಲು ಮಾಡಿ ಎಚ್‌ಆರ್‌ಗೆ ಒಂದು, ಅಕೌಂಟ್ಸ್‌ಗೆ ಒಂದು ಬೇರೆ ಮಾಡಿದೆ. ನೋಡುವ ಅನುಮತಿಯನ್ನು ಆಯಾ ಪ್ರಾಜೆಕ್ಟ್ ರೋಲ್‌ನಲ್ಲಿ, ಅಂದರೆ ಆ ಪ್ರಾಜೆಕ್ಟ್‌ನಲ್ಲಿ ಜವಾಬ್ದಾರಿ ಕೊಟ್ಟವರ ಗುಂಪಿನಲ್ಲಿ, ಇರುವವರಿಗಷ್ಟೇ ಕೊಟ್ಟೆ. ಎರಡು ವಿಭಾಗದವರೂ ಸೇರಿ ನಡೆಸುವ ಪ್ರಾಜೆಕ್ಟ್‌ನಲ್ಲಿ ಕೆಲವು ಟಾಸ್ಕ್‌ಗಳಿಗೆ ಮಾತ್ರ, ಆಯ್ದವರಿಗಷ್ಟೇ ಕಾಣುವಂತೆ, ಇಶ್ಯೂ ಸೆಕ್ಯುರಿಟಿ ಹಾಕಿದೆ. ಕೊನೆಗೆ ಯಾವ ರೋಲೂ ಇಲ್ಲದ ಟೆಸ್ಟ್ ಅಕೌಂಟ್‌ನಿಂದ ಲಾಗಿನ್ ಆಗಿ ಅವನ ಹೆಸರು ಹುಡುಕಿದೆ. ಬಗ್‌ಗಳು ಮಾತ್ರ ಬಂದವು. ಒಟ್ಟು 40 ನಿಮಿಷದ ಕೆಲಸ.

ಕೆಲಸಕ್ಕೆ ಬೇಕಾದಷ್ಟೇ ಅನುಮತಿ ಕೊಡಬೇಕು ಅಂತ ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿದ್ದಾರೆ. ನಮ್ಮ ಮ್ಯಾನೇಜರ್ ಮಾತ್ರ "ನಮ್ಮಲ್ಲಿ ಮುಚ್ಚುಮರೆ ಇಲ್ಲಮ್ಮ" ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಒಳ್ಳೆಯ ಮನುಷ್ಯರೇ. ಆದರೆ ತನ್ನ ವಿಷಯ ತಾನೇ ಬಿಚ್ಚಿಡುವುದು ಬೇರೆ, ಇನ್ನೊಬ್ಬರದ್ದನ್ನು ಬಿಚ್ಚಿಡುವುದು ಬೇರೆ ಅಲ್ವಾ? ಕೆಲಸ ಹೋಗುತ್ತದೆ ಅನ್ನೋ ಸುದ್ದಿಯನ್ನು ಎದುರು ಕೂತು ಒಬ್ಬರು ಹೇಳಬೇಕಿತ್ತು. ಯಾಕೆ ಅಂತ ಕೇಳಲು ಅವನಿಗೂ ಅವಕಾಶ ಇರಬೇಕಿತ್ತು. ಅವನು ಕೇಳಿದ್ದು ನನ್ನನ್ನು. ನನ್ನ ಹತ್ತಿರ ಉತ್ತರ ಇರಲಿಲ್ಲ. "ವಿಚಾರಿಸಿ ಹೇಳ್ತೀನಿ" ಅಂದೆ. "ಥ್ಯಾಂಕ್ಸ್ ಮೇಡಂ" ಅಂದ.

ಬುಧವಾರ ಎಚ್‌ಆರ್‌ನವರು ಅವನನ್ನು ಕರೆದು ಮಾತಾಡಿದರು. ಪಟ್ಟಿ ನಿಜವೇ ಆಗಿತ್ತು.

ನಿನ್ನೆ ನನಗೊಂದು ನೋಟಿಫಿಕೇಶನ್ ಬಂತು. ಅವನು ಹುಡುಕುತ್ತಿದ್ದ ಆ ಹಳೆಯ ಬಗ್ ಸಿಕ್ಕಿದೆ. ಮತ್ತೊಮ್ಮೆ ಟೆಸ್ಟ್ ಮಾಡಿ, ಏನೇನು ನೋಡಿದೆ ಅಂತ ಒಂದೊಂದಾಗಿ ಬರೆದು, ಕ್ಲೋಸ್ ಮಾಡಿದ್ದಾನೆ.