ರೇಷ್ಮೆಗೂ ಬೈಗುಳ, ಮಸ್ಲಿನ್‌ಗೂ ಬೈಗುಳ

10 ಆಗಸ್ಟ್ 2025, ಭಾನುವಾರ

ಟಿಪ್ಪು ಸುಲ್ತಾನನು ಕಳುಹಿಸಿದ್ದ ಮೂವರು ರಾಯಭಾರಿಗಳು 1788ರಲ್ಲಿ ಇದೇ ದಿನ ವರ್ಸೇಲ್ಸ್ ಅರಮನೆಯಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ದರ್ಶನ ಪಡೆದರು. ಇಂಗ್ಲಿಷರ ವಿರುದ್ಧ ಸೈನ್ಯದ ನೆರವು ಬೇಡಿ ಬಂದಿದ್ದವರಿಗೆ ದೊರೆತದ್ದು ಅದ್ದೂರಿಯ ಸತ್ಕಾರ, ಸೆವ್ರ್ ಕಾರ್ಖಾನೆಯ ಪಿಂಗಾಣಿ ಮತ್ತು ಸವಿಮಾತು. ಬೊಕ್ಕಸದಲ್ಲಿ ಹಣವೇ ಇರಲಿಲ್ಲ. ಆರು ದಿನ ಕಳೆದು ಆಗಸ್ಟ್ 16ರಂದು ಫ್ರೆಂಚ್ ಸರ್ಕಾರವು ತನ್ನ ಪಾವತಿಗಳಲ್ಲಿ ಒಂದು ಭಾಗವನ್ನು ನಿಲ್ಲಿಸಬೇಕಾಯಿತು. ಈ ದುರವಸ್ಥೆಗೆ ಪ್ಯಾರಿಸ್ಸಿನ ಜನ ಹೊಣೆ ಹೊರಿಸಿದ್ದು ರಾಣಿ ಮೇರಿ ಆಂಟೊನೆಟ್‌ಳ ಮೇಲೆ. ‘ಮೇಡಂ ಡೆಫಿಸಿಟ್’, ಅಂದರೆ ಖೋತಾ ರಾಣಿ, ಎಂಬ ಅಡ್ಡಹೆಸರು ಆ ವೇಳೆಗಾಗಲೇ ಅವಳಿಗೆ ಅಂಟಿತ್ತು. ರಾಯಭಾರಿಗಳ ಕುರಿತು ಓದಲು ಕುಳಿತ ನಾನು ದಿನವಿಡೀ ಈ ರಾಣಿಯ ಬಟ್ಟೆಯ ಲೆಕ್ಕದಲ್ಲಿಯೇ ಮುಳುಗಿದೆ.

ಲೆಕ್ಕವೇನೂ ಸಣ್ಣದಲ್ಲ. ಅವಳ ಉಡುಪಿಗೆಂದು ವರ್ಷಕ್ಕೆ 1,20,000 ಲಿವ್ರ್ (ಅಂದಿನ ಫ್ರೆಂಚ್ ಹಣ) ಗೊತ್ತುಪಡಿಸಲಾಗಿತ್ತು. 1785ರಲ್ಲಿ ಖರ್ಚಾದದ್ದು 2,58,000 ಲಿವ್ರ್. ಆದರೆ 1788ರ ರಾಜ್ಯದ ಆಯವ್ಯಯವನ್ನು ಪಕ್ಕದಲ್ಲಿಟ್ಟು ನೋಡಿದರೆ ಚಿತ್ರ ಬದಲಾಗುತ್ತದೆ. ಇಡೀ ರಾಜಪರಿವಾರದ ಮತ್ತು ಆಸ್ಥಾನದ ವೆಚ್ಚ ಒಟ್ಟು ವೆಚ್ಚದ ಶೇಕಡಾ 6ರ ಆಸುಪಾಸಿನಲ್ಲಿತ್ತು. ಸುಮಾರು ಅರ್ಧದಷ್ಟು ಹಣ ಸಾಲ ತೀರಿಸಲಿಕ್ಕೇ ಹೋಗುತ್ತಿತ್ತು, ಆ ಸಾಲದಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸುರಿದ ಹಣದ ಪಾಲು ದೊಡ್ಡದಿತ್ತು. ಯುದ್ಧದ ಸಾಲ ಯಾರ ಕಣ್ಣಿಗೂ ಬೀಳುವುದಿಲ್ಲ, ರಾಣಿಯ ಲಂಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಹಾಗೆಂದು ಅವಳನ್ನು ಮಿತವ್ಯಯಿ ಎನ್ನಲು ನಾನು ಸಿದ್ಧವಿಲ್ಲ.

ಅವಳ ಸೇವೆಯಲ್ಲಿದ್ದ ಮದಾಂ ಕಂಪಾ ಬರೆದಿಟ್ಟ ನೆನಪುಗಳ ಪ್ರಕಾರ, ಚಳಿಗಾಲವೊಂದಕ್ಕೇ ರಾಣಿಗೆ ಹನ್ನೆರಡು ಆಸ್ಥಾನದ ಉಡುಪುಗಳು, ಹನ್ನೆರಡು ಸರಳವಾದವು, ಸಂಜೆಯ ಇಸ್ಪೀಟಿನ ಕೂಟಗಳಿಗೆ ಮತ್ತೆ ಹನ್ನೆರಡು ಭಾರಿ ಉಡುಪುಗಳು ಸಿದ್ಧವಾಗುತ್ತಿದ್ದವು. ಬೆಳಿಗ್ಗೆ ಅವಳು ಏಳುತ್ತಿದ್ದಂತೆ ಉಡುಪುಗಳ ಬಟ್ಟೆಚೂರುಗಳನ್ನು ಅಂಟಿಸಿದ ಪುಸ್ತಕವೊಂದನ್ನು ಗುಂಡುಸೂಜಿಗಳೊಂದಿಗೆ ಮುಂದೆ ಹಿಡಿಯುತ್ತಿದ್ದರು. ಆ ದಿನ ಧರಿಸಬೇಕೆಂದಿರುವ ಉಡುಪಿನ ಚೂರಿಗೆ ಅವಳು ಸೂಜಿ ಚುಚ್ಚಿ ಗುರುತು ಮಾಡಬೇಕು. ಋತು ಮುಗಿದ ಮೇಲೆ ಬಹುಪಾಲು ಉಡುಪುಗಳು ಪರಿವಾರದವರ ಪಾಲಾಗುತ್ತಿದ್ದವು. 1782ರ ಇಂಥ ಒಂದು ಪುಸ್ತಕ ಫ್ರಾನ್ಸಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಉಳಿದುಕೊಂಡಿದೆ.

ಆ ಪುಸ್ತಕದಲ್ಲಿ ಕಾಣುವ ಹೆಸರುಗಳಲ್ಲಿ ರೋಸ್ ಬೆರ್ತಾಂಳದು ಮುಖ್ಯವಾದದ್ದು. ಪ್ಯಾರಿಸ್ಸಿನ ಸಾಂತ್ ಒನೊರೆ ಬೀದಿಯಲ್ಲಿ ‘ಗ್ರಾಂ ಮೊಗೋಲ್’ ಎಂಬ, ನಮ್ಮ ಮೊಗಲರ ಹೆಸರನ್ನೇ ಹೊತ್ತ, ಉಡುಪಿನ ಅಂಗಡಿಯನ್ನು ನಡೆಸುತ್ತಿದ್ದ ಈ ಸಾಮಾನ್ಯ ಮನೆತನದ ಹೆಣ್ಣುಮಗಳು ರಾಣಿಯ ಖಾಸಗಿ ಕೋಣೆಗೆ ನೇರವಾಗಿ ಹೋಗುತ್ತಿದ್ದಳು. ಜನ ಅವಳನ್ನು ‘ಫ್ಯಾಷನ್ ಮಂತ್ರಿ’ ಎಂದು ಅಣಕಿಸುತ್ತಿದ್ದರು. ಅವಳ ಜೊತೆಗೆ ಕೇಶವಿನ್ಯಾಸಕ ಲೆಯೊನಾರ್. ಗರಿ, ರಿಬ್ಬನ್ನು, ಆಟಿಕೆಯಂಥ ಬೊಂಬೆಗಳನ್ನೆಲ್ಲ ಹೊತ್ತು ಗೋಪುರದಂತೆ ಏಳುತ್ತಿದ್ದ ‘ಪೂಫ್’ ಎಂಬ ತಲೆಗಟ್ಟು ಇವರಿಬ್ಬರ ಕಾಲದಲ್ಲಿ ಮೆರೆಯಿತು. ರಾಜ 1774ರಲ್ಲಿ ಸಿಡುಬಿನ ವಿರುದ್ಧ ಚುಚ್ಚಿಸಿಕೊಂಡಾಗ ಅದರ ಹೆಸರಿನಲ್ಲೇ ಒಂದು ಪೂಫ್ ಹುಟ್ಟಿತು. ತಲೆಗೂದಲು ಬುಡದಿಂದ 36 ಅಂಗುಲ ಎತ್ತರಕ್ಕೆ ಏರಿದೆಯಂತೆ ಎಂದು ವಿಯೆನ್ನಾದಿಂದ ರಾಣಿಯ ತಾಯಿ ಮರಿಯಾ ತೆರೇಸಾ 1775ರಲ್ಲಿ ಕಾಗದ ಬರೆದು ಗದರಿದಳು. ಮಗಳು ಕಿವಿಗೊಟ್ಟಂತೆ ತೋರುವುದಿಲ್ಲ.

ಹಿಂದೆ ಫ್ರಾನ್ಸಿನಲ್ಲಿ ಸಿಂಗಾರದಿಂದ ಸುದ್ದಿಯಾಗುತ್ತಿದ್ದವರು ಹೆಚ್ಚಾಗಿ ರಾಜರ ಪ್ರೇಯಸಿಯರು. ರಾಣಿಯರಿಂದ ಬಯಸುತ್ತಿದ್ದುದು ಗಾಂಭೀರ್ಯವನ್ನು. ಮೇರಿ ಆಂಟೊನೆಟ್ ಆ ಗೆರೆಯನ್ನು ದಾಟಿದಳು. ಅದಕ್ಕಿಂತ ಮಿಗಿಲಾದದ್ದೆಂದರೆ, ಅವಳಿಗೆ ಹೊಲಿದುಕೊಟ್ಟ ಅಂಗಡಿಯೇ ಹಣವಿದ್ದ ಇತರರಿಗೂ ಅಂಥದನ್ನೇ ಒದಗಿಸುತ್ತಿತ್ತು, ವರ್ಣಚಿತ್ರದ ಫ್ಯಾಷನ್ ಹಾಳೆಗಳು ಅದನ್ನು ಊರೂರಿಗೆ ಹಂಚುತ್ತಿದ್ದವು. ಎಲ್ಲರೂ ಕೊಳ್ಳಬಹುದಾದ ಉಡುಪಿನಲ್ಲಿ ರಾಣಿಯನ್ನು ರಾಣಿಯೆಂದು ಗುರುತಿಸುವುದು ಹೇಗೆ? ಅವಳ ಮೇಲಿನ ಸಿಟ್ಟಿಗೆ ದುಂದುಗಾರಿಕೆಯಷ್ಟೇ ಈ ಗೊಂದಲವೂ ಕಾರಣವೆಂದು ನನಗೆ ತೋರುತ್ತದೆ.

ಅವಳು ಸರಳಳಾದಾಗ ಏನಾಯಿತೆಂಬುದನ್ನು ನೋಡಿದರೆ ಈ ಊಹೆಗೆ ಬಲ ಬರುತ್ತದೆ. ಪೆತಿ ತ್ರಿಯಾನೋನ್ ಎಂಬ ತನ್ನ ಪುಟ್ಟ ಅರಮನೆಯಲ್ಲಿ ಅವಳು ಬಿಗಿಯಾದ ಉಡುಪುಗಳನ್ನು ಬಿಟ್ಟು, ಸೊಂಟಕ್ಕೊಂದು ಪಟ್ಟಿ ಕಟ್ಟಿದ ಸಡಿಲವಾದ ಬಿಳಿ ಮಸ್ಲಿನ್ (ತೆಳುವಾದ ಹತ್ತಿ ಬಟ್ಟೆ) ನಿಲುವಂಗಿ ಧರಿಸತೊಡಗಿದಳು. ಅದೇ ಉಡುಪಿನಲ್ಲಿ, ಹುಲ್ಲಿನ ಟೋಪಿಯೊಂದಿಗೆ, ಎಲಿಜಬೆತ್ ವಿಜೆ ಲ ಬ್ರನ್ ಬಿಡಿಸಿದ ಚಿತ್ರ 1783ರ ಪ್ಯಾರಿಸ್ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ, ರಾಣಿ ಒಳಅಂಗಿಯಲ್ಲಿಯೇ ಹೊರಬಂದಿದ್ದಾಳೆಂಬ ಕೂಗೆದ್ದು ಅದನ್ನು ತೆಗೆಸಬೇಕಾಯಿತು. ಬದಲಿಗೆ, ಕೈಯಲ್ಲಿ ಗುಲಾಬಿ ಹಿಡಿದು ನೀಲಿ ರೇಷ್ಮೆಯುಟ್ಟ ಚಿತ್ರ ಬಂತು. ಲಿಯಾನ್ ನಗರದ ರೇಷ್ಮೆ ನೇಕಾರರ ಹೊಟ್ಟೆಗೆ ಹೊಡೆಯುತ್ತಿದ್ದಾಳೆಂಬ ದೂರು ಬೇರೆ. ಅಂದಿನ ನಯವಾದ ಮಸ್ಲಿನ್ ಬರುತ್ತಿದ್ದುದು ಬಂಗಾಳದಿಂದ, ಬಂಗಾಳದ ವ್ಯಾಪಾರ ಇಂಗ್ಲಿಷ್ ಕಂಪನಿಯ ಹಿಡಿತದಲ್ಲಿತ್ತು. ರೇಷ್ಮೆಯುಟ್ಟರೆ ದುಂದುಗಾರ್ತಿ, ಹತ್ತಿಯುಟ್ಟರೆ ದೇಶದ್ರೋಹಿ: ಅತ್ತ ದರಿ, ಇತ್ತ ಪುಲಿ.

ಇದೇ ಕಲಾವಿದೆ 1788ರಲ್ಲಿ ಮೈಸೂರಿನ ರಾಯಭಾರಿ ಮಹಮ್ಮದ್ ದರ್ವೇಶ್ ಖಾನನ ನಿಲುವುಚಿತ್ರವನ್ನೂ ಬರೆದಳು. ಅವನೂ ಬಿಳಿ ಮಸ್ಲಿನ್‌ನಲ್ಲಿಯೇ, ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದಾನೆ; ಅದನ್ನು ಕಂಡು ಯಾರೂ ಒಳಅಂಗಿಯೆಂದು ಕೂಗಲಿಲ್ಲವೆಂದು ಕಾಣುತ್ತದೆ. ಆ ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮಿಕ್ಕು ಬೆಲೆಗೆ ಮಾರಾಟವಾಯಿತು.

ವಜ್ರದ ಹಾರದ ಹಗರಣವನ್ನು ಬಲ್ಲವರೇ ಹೆಚ್ಚು. ಸುಮಾರು 16 ಲಕ್ಷ ಲಿವ್ರ್ ಬೆಲೆಯ ಆ ಹಾರವನ್ನು ರಾಣಿ ಕೊಂಡಿರಲಿಲ್ಲ. ಅವಳ ಹೆಸರು ಹೇಳಿ ವಂಚಕಿಯೊಬ್ಬಳು ಚರ್ಚಿನ ಹಿರಿಯ ಗುರು ಕಾರ್ಡಿನಲ್ ರೊಆನ್‌ನನ್ನು ಮೋಸಗೊಳಿಸಿದ್ದಳು. ಆದರೂ ಜನ ನಂಬಿದ್ದು ರಾಣಿಯೇ ಅದನ್ನು ಬಯಸಿರಬೇಕೆಂದು, ಏಕೆಂದರೆ ಹತ್ತು ವರ್ಷ ಅವಳ ಗರಿಗಳನ್ನು ನೋಡಿದ್ದರು.

1793ರ ಅಕ್ಟೋಬರ್ 16ರಂದು ಅವಳ ತಲೆ ಕಡಿದರು. ಅದಾಗಿ ಕೆಲವೇ ವರ್ಷಗಳಲ್ಲಿ ಗಣರಾಜ್ಯದ ಪ್ಯಾರಿಸ್ಸಿನಲ್ಲಿ ಸಿರಿವಂತ ಹೆಂಗಸರೆಲ್ಲ ತೊಟ್ಟದ್ದು ಸಡಿಲವಾದ, ಬಿಳಿಯ, ಮಸ್ಲಿನ್ ನಿಲುವಂಗಿಯನ್ನೇ. ಅದನ್ನು ಪ್ರಾಚೀನ ಗ್ರೀಸಿನ ಮಾದರಿಯೆಂದು ಕರೆದುಕೊಂಡರು. ಲಿಯಾನ್‌ನ ಮಗ್ಗಗಳಿಗೆ ಮತ್ತೆ ಕೆಲಸ ಕೊಡಿಸಲು ನೆಪೋಲಿಯನ್ ತನ್ನ ಆಸ್ಥಾನದಲ್ಲಿ ರೇಷ್ಮೆಯನ್ನು ಕಡ್ಡಾಯವೆಂಬಂತೆ ಮೆರೆಸಬೇಕಾಯಿತು, ಮತ್ತು ಮಸ್ಲಿನ್ ಬಿಡಲೊಲ್ಲದ ಹೆಂಡತಿ ಜೋಸೆಫಿನ್‌ಳ ಮೇಲೆ ಅವನೂ ಸಿಡುಕಿದ.