ರುಮಾಲು, ಟೋಪಿ, ಕೊಪ್ಪೆ

ಕೊಪ್ಪಳದಲ್ಲಿ ನಮ್ಮ ಓಣಿಯವರೇ ಸೇರಿ ಹಳೇ ಟೋಪಿ, ರುಮಾಲುಗಳ ಪ್ರದರ್ಶನ ಇಟ್ಟಿದ್ದಾರೆ. ಎಲ್ಲ ಮನೆಮನೆಯ ಟ್ರಂಕಿನಿಂದ ಬಂದದ್ದು. ಗೊಂಡೆ ಇರುವ ಕೆಂಪು ರೂಮಿ ಟೋಪಿ, ಪಕ್ಕದಲ್ಲೇ ಬಿಳಿ ಗಾಂಧಿ ಟೋಪಿ! 1948ರ ಸೆಪ್ಟೆಂಬರ್‌ವರೆಗೆ ನಾವು ನಿಜಾಮನ ರಾಜ್ಯದವರು, ಹೊಳೆಯಾಚೆಯ ಬಳ್ಳಾರಿ 1947ರವರೆಗೆ ಬ್ರಿಟಿಷರ ಕೈಯಲ್ಲಿದ್ದ ಮದ್ರಾಸಿಗೆ ಸೇರಿತ್ತು. ಎರಡು ಟೋಪಿ ನೋಡಿದರೆ ಆ ಕಾಲವೇ ಕಣ್ಮುಂದೆ ಬರುತ್ತದೆ.

ನಾನು ಜಾಸ್ತಿ ಹೊತ್ತು ನಿಂತದ್ದು ಕುರಿ ಕಾಯುವವರ ಕಂಬಳಿ ಕೊಪ್ಪೆ ಮುಂದೆ. ಹೊಲಿಗೆಯೇ ಇಲ್ಲ, ಬರೀ ಮಡಿಕೆ. ಮಳೆ ಬಂದರೆ ತಲೆ, ಬೆನ್ನು ಎರಡನ್ನೂ ಕಾಯುತ್ತದೆ. ಅಂಚಿನಲ್ಲಿ ಇನ್ನೂ ಕುರಿ ವಾಸನೆ ಇದೆ. ವಿಜಯನಗರದ ಅರಸರ ಉದ್ದನೆಯ ಟೋಪಿ, ಅಂದರೆ ಕುಲ್ಲಾವಿಯನ್ನು ಎಲ್ಲರೂ ಚಿತ್ರದಲ್ಲಿ ನೋಡಿದ್ದೇವೆ. ಇಂಥ ಕೊಪ್ಪೆಯನ್ನು ಜೋಪಾನ ಮಾಡಿದವರು ಕಡಿಮೆ, ಅಲ್ವಾ? ಭಾನುವಾರದವರೆಗೆ ಇರುತ್ತದೆ, ಮಕ್ಕಳನ್ನೂ ಕರ್ಕೊಂಡು ಬನ್ನಿ.